ಪಟ್ಟಿ ಎತ್ತಿದವರು, ಪಟ್ಟಿ ಕಟ್ಟಿದವರು

(ಕೊಪ್ಪಳ ಜಿಲ್ಲೆಯ ಒಂದು ತಾಲ್ಲೂಕು ಊರಿನಲ್ಲಿ ಗ್ರಂಥಾಲಯ ಸಪ್ತಾಹದ ಸಂಜೆ ನಿವೃತ್ತ ಗ್ರಂಥಾಲಯ ಸಹಾಯಕರೊಬ್ಬರು ಆಡಿದ ಮಾತಿನ ಬರಹ ರೂಪ)

ಒಳಗೆ ಬರುವಾಗ ಬಾಗಿಲ ಪಕ್ಕದ ಕಲ್ಲು ನೋಡಿರುತ್ತೀರಿ. ಅದರ ಮೇಲೆ ಹದಿನಾಲ್ಕು ಹೆಸರಿವೆ. ಉದ್ಘಾಟನೆ ಮಾಡಿದವರು, ಅಧ್ಯಕ್ಷತೆ ವಹಿಸಿದವರು, ಘನ ಉಪಸ್ಥಿತಿ, ಕೊನೆಗೆ ಗುತ್ತಿಗೆದಾರರು. ನಾನು ಇಲ್ಲಿ ಕೆಲಸ ಮಾಡಿದ ಅಷ್ಟೂ ವರ್ಷ ಆ ಹದಿನಾಲ್ಕು ಜನರಲ್ಲಿ ಒಬ್ಬರೂ ಪುಸ್ತಕ ಕೇಳಿಕೊಂಡು ಬರಲಿಲ್ಲ. ಗುತ್ತಿಗೆದಾರರು ಮಾತ್ರ ಒಮ್ಮೆ ಬಂದಿದ್ದರು, ಬಿಲ್ ಬಾಕಿ ಇತ್ತು ಅಂತ.

ಸಂಘಟಕರು ನನಗೆ ಕೊಟ್ಟ ವಿಷಯ ‘ನಮ್ಮ ಗ್ರಂಥಾಲಯ ಮತ್ತು ಅದರ ಪೋಷಕರು’. ಪೋಷಕರು ಅಂದರೆ ಯಾರು ಅಂತ ಒಂದು ವಾರದಿಂದ ತಲೆ ಕೆಡಿಸಿಕೊಂಡಿದ್ದೇನೆ. ನಮ್ಮ ಕಡೆ ಒಂದು ಮಾತಿದೆ, ಪಟ್ಟಿ. ಜಾತ್ರೆಗೆ, ಗಣಪತಿಗೆ, ಮೊಹರಂನ ಅಲಾಯಿ ಹಬ್ಬಕ್ಕೆ ಮನೆ ಮನೆಗೆ ಹೋಗಿ ದುಡ್ಡು ಕೂಡಿಸುವುದಕ್ಕೆ ಪಟ್ಟಿ ಎತ್ತುವುದು ಅನ್ನುತ್ತೇವೆ. ಪುರಸಭೆಗೆ ಕಟ್ಟುವ ತೆರಿಗೆಗೂ ಹಳಬರು ಮನೆ ಪಟ್ಟಿ ಅಂತಲೇ ಅನ್ನುತ್ತಾರೆ. ಒಂದು ಕೊಟ್ಟರೆ ಪುಣ್ಯ, ಇನ್ನೊಂದು ಕೊಡದಿದ್ದರೆ ನೋಟಿಸು. ಗ್ರಂಥಾಲಯ ಬೆಳೆದದ್ದು ಈ ಎರಡು ಪಟ್ಟಿಯಿಂದ. ಆ ಕಲ್ಲಿನ ಮೇಲೆ ಎರಡೂ ಇಲ್ಲ. ಅದಕ್ಕೆ ಇವತ್ತು ಅವರ ಸುದ್ದಿ ಹೇಳುತ್ತೇನೆ.

ಕೊಪ್ಪಳ ಸೀಮೆಯಲ್ಲಿ ಯಾರು ಮೈಕ್ ಹಿಡಿದರೂ ಗವಿಮಠದ ಅಶೋಕನ ಶಾಸನದಿಂದಲೇ ಶುರು ಮಾಡುತ್ತಾರೆ. ನಾನು ಅಷ್ಟು ಹಿಂದೆ ಹೋಗುವುದಿಲ್ಲ. ಅಜ್ಜಂದಿರ ಕಾಲ ಸಾಕು.

ಆಗ ಕೊಪ್ಪಳ ಅಂದರೆ ಹೈದರಾಬಾದ್ ನಿಜಾಮರ ರಾಜ್ಯದೊಳಗೆ ಸಾಲಾರ್ ಜಂಗ್ ಮನೆತನದ ಜಾಗೀರು. ಹೊಳೆ ದಾಟಿದರೆ ಬಳ್ಳಾರಿ ಜಿಲ್ಲೆ, ಅದು ಮದ್ರಾಸಿಗೆ ಸೇರಿದ್ದು. ಪಡುವಣಕ್ಕೆ ಮುಂಡರಗಿ, ಗದಗ, ಅವು ಮುಂಬಯಿ ಪ್ರಾಂತ್ಯದವು. ಮೂರೂ ಕಡೆ ಮನೆಯಲ್ಲಿ ಆಡುವುದು ಕನ್ನಡ. ಆದರೆ ನಮ್ಮಲ್ಲಿ ಕಚೇರಿ ಉರ್ದುವಿನದು, ಹೈಸ್ಕೂಲಿನ ಪಾಠ ಉರ್ದುವಿನದು. 1918ರಲ್ಲಿ ಹೈದರಾಬಾದಿನಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಶುರುವಾಯಿತಲ್ಲ, ಅಲ್ಲಿ ವಿಜ್ಞಾನವನ್ನೂ ಉರ್ದುವಿನಲ್ಲೇ ಹೇಳಿಕೊಡುತ್ತಿದ್ದರು. ಇಂಗ್ಲಿಷ್ ಬಿಟ್ಟು ಈ ನೆಲದ ಭಾಷೆಯಲ್ಲಿ ಅಷ್ಟು ದೊಡ್ಡ ಓದು ನಡೆಸಿದ್ದು ಸಣ್ಣ ಕೆಲಸವಲ್ಲ, ಅದನ್ನು ಒಪ್ಪಬೇಕು. ಆದರೆ ನಮ್ಮ ಅಜ್ಜಿ ಜೋಗುಳ ಹಾಡಿದ ಭಾಷೆ ಅದಾಗಿರಲಿಲ್ಲ. ಕನ್ನಡ ಚೆನ್ನಾಗಿ ಕಲಿಯಬೇಕಾದರೆ ಮಠಕ್ಕೆ ಹೋಗಬೇಕು, ಇಲ್ಲವೇ ಖಾಸಗಿ ಶಾಲೆ ಹುಡುಕಬೇಕು. ರಾಯಚೂರಿನಲ್ಲಿ ಪಂಡಿತ ತಾರಾನಾಥರು ಕಟ್ಟಿದ ಹಮ್‌ದರ್ದ್ ಶಾಲೆ, ನಮ್ಮ ಕುಕನೂರಿನ ವಿದ್ಯಾನಂದ ಗುರುಕುಲ, ಹೀಗೆ ಬೆರಳಲ್ಲಿ ಎಣಿಸುವಷ್ಟು.

ನಾಲ್ಕು ಜನ ಸೇರಿ ಸಭೆ ಮಾಡಬೇಕಾದರೂ ಸರ್ಕಾರದ ಅಪ್ಪಣೆ ಬೇಕಿತ್ತು. ಗಸ್ತಿ ನಿಶಾನ್ 53 ಅಂತ ಒಂದು ಸುತ್ತೋಲೆ, ಹೆಸರು ಕೇಳಿದರೆ ಇಂದಿಗೂ ಹಳಬರು ಮುಖ ಗಂಟಿಕ್ಕುತ್ತಾರೆ. ಇಂಥ ಕಡೆ ಗ್ರಂಥಾಲಯ ಅನ್ನುವುದು ಬಹಳ ಉಪಯೋಗದ ವಸ್ತು. ಪುಸ್ತಕ ಓದುತ್ತಿದ್ದೇವೆ ಅಂದರೆ ಯಾರು ತಾನೆ ತಕರಾರು ಮಾಡುತ್ತಾರೆ? ಹೈದರಾಬಾದಿನ ತೆಲುಗರು 1901ರಲ್ಲೇ ಒಂದು ಗ್ರಂಥಾಲಯ ತೆರೆದಿದ್ದರು. ಶ್ರೀಕೃಷ್ಣದೇವರಾಯ ಆಂಧ್ರ ಭಾಷಾ ನಿಲಯ ಅಂತ ಅದರ ಹೆಸರು. ತೆಲಂಗಾಣದಲ್ಲಿ ಮುಂದೆ ಬೆಳೆದ ಚಳವಳಿಯ ಬೇರು ಇಂಥ ಓದುವ ಮನೆಗಳಲ್ಲೇ ಇದೆ. ಸುಮ್ನೆ ಒಂದು ಮಾತು: ರಾಯ ಆಳಿದ ವಿಜಯನಗರ ಸಾಮ್ರಾಜ್ಯ ಮೊದಲು ತಳವೂರಿದ ಆನೆಗೊಂದಿ ನಮ್ಮ ಜಿಲ್ಲೆಯಲ್ಲಿದೆ, ಅವನ ಹೆಸರಿನ ಗ್ರಂಥಾಲಯ ಹೈದರಾಬಾದಿನಲ್ಲಿ ಹುಟ್ಟಿತು! ಅಸೂಯೆಯಿಂದ ಹೇಳುತ್ತಿಲ್ಲ. ಸ್ವಲ್ಪ ಅಸೂಯೆ ಇದೆ.

ಕನ್ನಡದವರೂ ಸುಮ್ಮನೆ ಕೂತಿರಲಿಲ್ಲ. 1934ರಲ್ಲಿ ರಾಯಚೂರಿನಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತು, ಪಂಜೆ ಮಂಗೇಶರಾಯರು ಅಧ್ಯಕ್ಷರಾಗಿದ್ದರು. ದೊಡ್ಡ ಊರಿನ ಸುದ್ದಿ ಅದು. ನಮ್ಮಂಥ ಊರಲ್ಲಿ ಆದದ್ದು ಇನ್ನೂ ಸಣ್ಣದು. ಹಿರಿಯರು ನನಗೆ ಹೇಳಿದ್ದನ್ನೇ ಹೇಳುತ್ತೇನೆ. ದಲಾಲಿ ಹಿಡಿದು ರೈತರ ಹತ್ತಿ ಮಾರಿಸಿಕೊಡುವ ಅಡತಿ ಅಂಗಡಿ, ಅದರ ಹಿಂದಿನ ಕೋಣೆ. ಗೋಡೆಯ ಮಾಡದಲ್ಲಿ ಹತ್ತಿಪ್ಪತ್ತು ಪುಸ್ತಕ, ಒಂದು ಕಬ್ಬಿಣದ ಟ್ರಂಕು. ಹುಬ್ಬಳ್ಳಿಯ ಪೇಪರು ರೈಲಿನಲ್ಲಿ ಗದಗ ದಾಟಿ ಬರುತ್ತಿತ್ತು, ಸ್ಟೇಷನ್ನಿನಿಂದ ಯಾರಾದರೂ ಹೊತ್ತು ತರಬೇಕು. ತಂದವನೇ ಗಟ್ಟಿಯಾಗಿ ಓದುತ್ತಿದ್ದ, ತೂಕದ ಚೀಲದ ಮೇಲೆ ಕೂತು ಹತ್ತು ಜನ ಕೇಳುತ್ತಿದ್ದರು. ಇದನ್ನು ನೀವು ಒಬ್ಬ ಓದುಗ ಅಂತ ಬರೆದುಕೊಳ್ಳುತ್ತೀರೋ, ಹನ್ನೊಂದು ಅಂತಲೋ? ನಮ್ಮ ಇಲಾಖೆಯ ನಮೂನೆಯಲ್ಲಿ ಇದಕ್ಕೆ ಕಾಲಂ ಇಲ್ಲ.

ಆ ಪುಸ್ತಕಕ್ಕೆ ದುಡ್ಡು ಎಲ್ಲಿಂದ ಬಂತು? ಸಾಹುಕಾರರು ಕೊಟ್ಟರು ಅಂತ ಎಲ್ಲರೂ ಹೇಳುತ್ತಾರೆ. ಕೊಟ್ಟದ್ದು ನಿಜ, ಅವರ ಮನಸ್ಸು ದೊಡ್ಡದು. ಆದರೆ ಅಡತಿ ವ್ಯಾಪಾರ ಗೊತ್ತಿದ್ದವರು ಇಲ್ಲಿ ಕೂತಿದ್ದೀರಿ. ರೈತ ಹತ್ತಿ ಮಾರಿದಾಗ ಕೈಗೆ ಲೆಕ್ಕದ ಚೀಟಿ ಕೊಡುತ್ತಾರಲ್ಲ, ಅದಕ್ಕೂ ಪಟ್ಟಿ ಅಂತಲೇ ಹೆಸರು. ಅದರಲ್ಲಿ ಹಮಾಲಿ, ತೂಕ, ದಲಾಲಿ ಎಲ್ಲ ಕಳೆದ ಮೇಲೆ ‘ಧರ್ಮಾದಾಯ’ ಅಂತ ಒಂದಿಷ್ಟು ಹಿಡಿಯುತ್ತಿದ್ದರು. ಆ ದುಡ್ಡು ಗುಡಿಗೆ, ಅರವಟ್ಟಿಗೆಗೆ, ಶಾಲೆಗೆ ಹೋಗುತ್ತಿತ್ತು. ನಮ್ಮ ಟ್ರಂಕಿನ ಪುಸ್ತಕಕ್ಕೂ ಅಲ್ಲಿಂದಲೇ ಬಂತು ಅಂತ ಹಳೆಯ ಗುಮಾಸ್ತರೊಬ್ಬರು ನನ್ನ ಮುಂದೆ ಹೇಳಿದ್ದರು. ಅಂದರೆ ಹೆಬ್ಬೆಟ್ಟು ಒತ್ತಿ ದುಡ್ಡು ಎಣಿಸಿಕೊಂಡು ಹೋದ ರೈತ ನಮ್ಮ ಮೊದಲ ಪೋಷಕ. ಅವನಿಗೆ ಓದಲು ಬರುತ್ತಿರಲಿಲ್ಲ. ತಾನು ಗ್ರಂಥಾಲಯ ಸಾಕುತ್ತಿದ್ದೇನೆ ಅಂತ ಗೊತ್ತೂ ಇರಲಿಲ್ಲ.

ಹೈದರಾಬಾದ್ ರಾಜ್ಯ ಭಾರತಕ್ಕೆ ಸೇರಿದ 1948ರ ಸೆಪ್ಟೆಂಬರ್ 17ರ ಕಥೆ ನಿಮಗೆ ಹೊಸದಲ್ಲ, ಪ್ರತಿ ವರ್ಷ ಧ್ವಜ ಹಾರಿಸುತ್ತೇವೆ. ಅದಕ್ಕೆ ಮುಂಚಿನ ತಿಂಗಳುಗಳಲ್ಲಿ ನಮ್ಮ ಕಡೆಯ ಹುಡುಗರು ಗಡಿ ದಾಟಿ ನಿಜಾಮರ ವಿರುದ್ಧ ಹೋರಾಡುತ್ತಿದ್ದ ಮುಂಡರಗಿ ಶಿಬಿರ ಸೇರಿದ್ದರು, ಅಳವಂಡಿ ಶಿವಮೂರ್ತಿ ಸ್ವಾಮಿಗಳ ಹೆಸರು ಎಲ್ಲರಿಗೂ ಗೊತ್ತು. ಅಂಗಡಿಯ ಹಿಂದಿನ ಕೋಣೆ ಆಗ ಮುಚ್ಚಿತ್ತು. ಮತ್ತೆ ತೆರೆದಾಗ ಮಾಡದಲ್ಲಿ ಅರ್ಧ ಪುಸ್ತಕ ಗೆದ್ದಲು ತಿಂದಿತ್ತಂತೆ.

ಇನ್ನು ಎರಡನೇ ಪಟ್ಟಿಗೆ ಬರೋಣ. ಸರ್ಕಾರದ್ದು.

ಇಲ್ಲೊಂದು ತಮಾಷೆ ಇದೆ. ಮದ್ರಾಸಿನಲ್ಲಿ 1948ರಲ್ಲೇ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಬಂತು. ಬಳ್ಳಾರಿ ಆಗ ಮದ್ರಾಸಿನದ್ದು, 1953ರಲ್ಲಿ ಮೈಸೂರಿಗೆ ಸೇರಿತು. ಹೈದರಾಬಾದ್ ರಾಜ್ಯದಲ್ಲಿ 1955ರಲ್ಲಿ ಇಂಥದ್ದೇ ಕಾಯ್ದೆ ಬಂತು. ಮರುವರ್ಷ ನವೆಂಬರ್ 1ಕ್ಕೆ ಆ ರಾಜ್ಯವೇ ಇರಲಿಲ್ಲ! ರಾಯಚೂರು ಜಿಲ್ಲೆಯ ಜೊತೆ ನಾವು ಮೈಸೂರಿಗೆ ಬಂದೆವು. ಆಮೇಲೆ ಇಡೀ ರಾಜ್ಯಕ್ಕೆ ಒಂದೇ ಕಾಯ್ದೆ ಆದದ್ದು 1965ರಲ್ಲಿ. ಹಳೇ ಮೈಸೂರಿನವರು ನಮ್ಮನ್ನು ಹಿಂದುಳಿದವರು ಅನ್ನುವಾಗ ನಾನು ಇದನ್ನು ನೆನಪಿಸುತ್ತೇನೆ. ಗ್ರಂಥಾಲಯದ ಕಾನೂನು ನಿಮಗಿಂತ ಹತ್ತು ವರ್ಷ ಮೊದಲು ನಮ್ಮಲ್ಲಿತ್ತು ಸ್ವಾಮಿ. ಕಾನೂನು ಇತ್ತು, ಗ್ರಂಥಾಲಯ ಇರಲಿಲ್ಲ, ಆ ಮಾತು ಬೇರೆ.

ಇದರ ಹಿಂದೆ ಒಬ್ಬ ಮನುಷ್ಯರಿದ್ದರು, ಎಸ್. ಆರ್. ರಂಗನಾಥನ್. ಗಣಿತದ ಮೇಷ್ಟ್ರು. 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯಕ್ಕೆ ಗ್ರಂಥಪಾಲಕರಾದರು. ಗ್ರಂಥಾಲಯಕ್ಕೆ ಐದು ಸೂತ್ರ ಕೊಟ್ಟದ್ದು 1931ರಲ್ಲಿ. ಪುಸ್ತಕ ಇರುವುದು ಬಳಸುವುದಕ್ಕೆ, ಓದುಗನ ಸಮಯ ಉಳಿಸಬೇಕು, ಇಂಥವು. ಕೊನೆಯ ದಿನಗಳನ್ನು ಬೆಂಗಳೂರಿನಲ್ಲೇ ಕಳೆದು 1972ರಲ್ಲಿ ಅಲ್ಲೇ ತೀರಿಕೊಂಡರು. ಅವರು ಬಿಡದೆ ಹಿಡಿದದ್ದು ಒಂದೇ ಹಟ: ಗ್ರಂಥಾಲಯ ದಾನಿಗಳ ಮರ್ಜಿಯಲ್ಲಿ ಇರಬಾರದು, ಅದಕ್ಕೆ ಕರ ಇರಬೇಕು. ದಾನಿ ಇವತ್ತು ಕೊಡುತ್ತಾನೆ, ನಾಳೆ ಮಗಳ ಮದುವೆ ಅಂತ ಕೈ ಎತ್ತುತ್ತಾನೆ. ಕರ ಹಾಗಲ್ಲ.

ಹಾಗಾಗಿ ನಿಮ್ಮ ಆಸ್ತಿ ತೆರಿಗೆಯ ಮೇಲೆ ರೂಪಾಯಿಗೆ 6 ಪೈಸೆ ಗ್ರಂಥಾಲಯ ಕರ. ಮನೆಗೆ ಹೋಗಿ ರಸೀದಿ ತೆಗೆದು ನೋಡಿ. 1,500 ರೂಪಾಯಿ ತೆರಿಗೆ ಕಟ್ಟಿದ್ದರೆ 90 ರೂಪಾಯಿ ಇಲ್ಲಿಗೆ. ಆರೋಗ್ಯ ಕರ, ಭಿಕ್ಷುಕರ ಕರ, ಅದರ ಜೊತೆ ಸಣ್ಣ ಅಕ್ಷರದಲ್ಲಿ ಇರುತ್ತದೆ. ಊರಲ್ಲಿ ಮನೆ ಇರುವ ಪ್ರತಿಯೊಬ್ಬರೂ ವರ್ಷಕ್ಕೊಮ್ಮೆ ಪುಸ್ತಕ ಕೊಡಿಸುತ್ತಾರೆ. ಬಾಡಿಗೆಯವರೂ ಸೇರಿ ಅನ್ನಿ, ಬಾಡಿಗೆಯಲ್ಲಿ ಅದೂ ಸೇರಿರುತ್ತಲ್ಲ. ಒಬ್ಬ ಕಿರಾಣಿ ಅಂಗಡಿಯವರು ಒಮ್ಮೆ ನನ್ನ ಹತ್ತಿರ ಜಗಳಕ್ಕೆ ಬಂದರು. "ನಮ್ಮ ಮನ್ಯಾಗ ಓದಾವ್ರೇ ಇಲ್ರಿ, ನಾ ಯಾಕ ಕೊಡಬೇಕು?" ಅಂತ. ಕೂಡಿಸಿ ಚಹಾ ಕೊಟ್ಟೆ, ಪೇಪರು ಕೊಟ್ಟೆ. ಮರುದಿನದಿಂದ ಆರು ವರ್ಷ ಬಿಡದೆ ಬಂದರು. ಕಟ್ಟಿದ್ದು ವಸೂಲಾಗಬೇಕಲ್ಲ!

ಆದರೆ ವಸೂಲಿ ಮಾಡುವವರು ಒಬ್ಬರು, ಖರ್ಚು ಮಾಡಬೇಕಾದವರು ಇನ್ನೊಬ್ಬರು. ಸ್ಥಳೀಯ ಸಂಸ್ಥೆ ಕರ ತೆಗೆದುಕೊಂಡು ನಮಗೆ ಕಟ್ಟಬೇಕು. ಚರಂಡಿ, ನೀರು, ಸಂಬಳ ಎಲ್ಲ ಮುಗಿದ ಮೇಲೆ ನಮ್ಮ ನೆನಪು. ಇದು ಒಂದು ಊರಿನ ಕಥೆಯಲ್ಲ, ರಾಜ್ಯದಲ್ಲಿ ಎಲ್ಲಿ ಕೇಳಿದರೂ ಇದೇ ರಾಗ. ನೀವು ರಸೀದಿ ಹಿಡಿದು ಕೇಳಿದರೆ ಕೆಲಸ ಬೇಗ ಆಗುತ್ತದೆ, ನಾವು ಪತ್ರ ಬರೆದರೆ ಆಗುವುದಿಲ್ಲ. ನಾನು ಎಷ್ಟು ಪತ್ರ ಬರೆದಿದ್ದೇನೆ ಅಂದರೆ ಅದೇ ಒಂದು ಸಂಪುಟವಾಗುತ್ತದೆ.

ದುಡ್ಡು ತಡವಾದಾಗ ಕಾಪಾಡಿದ್ದು ಕೋಲ್ಕತ್ತದ ರಾಜಾ ರಾಮಮೋಹನ ರಾಯ್ ಗ್ರಂಥಾಲಯ ಪ್ರತಿಷ್ಠಾನ. 1972ರಲ್ಲಿ ಶುರುವಾದದ್ದು. ರಾಜ್ಯ ಒಂದಿಷ್ಟು ಹಾಕಿದರೆ ಅವರೊಂದಿಷ್ಟು ಹಾಕಿ ಪುಸ್ತಕ ಕಳಿಸುತ್ತಾರೆ. ಇನ್ನು ಊರವರ ಪುಸ್ತಕ ದಾನ. ಹೇಳಲೋ ಬೇಡವೋ. ದಸರಾ ಮುಂಚೆ ಮನೆಗೆ ಸುಣ್ಣ ಹೊಡೆಯುತ್ತೀರಲ್ಲ, ಆಗ ನಮಗೆ ಪುಸ್ತಕ ದಾನದ ಸುಗ್ಗಿ. ಹತ್ತು ವರ್ಷ ಹಳೆಯ ಗೈಡು, ಟೈರ್ ಕಂಪನಿಯ ಡೈರಿ, ಯಾರದೋ ಷಷ್ಟಿಪೂರ್ತಿಯ ಸಂಚಿಕೆ. ಬೇಡ ಅನ್ನುವಂತಿಲ್ಲ, ಫೋಟೋ ತೆಗೆಸಿಕೊಳ್ಳಲು ಶಾಲು ತಂದಿರುತ್ತಾರೆ. ಆದರೂ ಒಮ್ಮೆ ಅಂಥ ಗಂಟಿನಲ್ಲಿ ಕೈಬರಹದ ಬಯಲಾಟದ ಪ್ರತಿ ಸಿಕ್ಕಿತು. ಅಂದಿನಿಂದ ಗಂಟು ಬಿಚ್ಚದೆ ಬೈಯುವುದು ಬಿಟ್ಟೆ.

ನಾನು ಸೇರಿದಾಗ ಗ್ರಂಥಾಲಯ ಬಾಡಿಗೆ ಮನೆಯಲ್ಲಿತ್ತು. ಮೇಲೆ ಮಣ್ಣಿನ ಮಾಳಿಗೆ. ಮಳೆ ಬಂದರೆ ಇತಿಹಾಸದ ಕಪಾಟಿನ ಮೇಲೆ ನೇರ ಸೋರುತ್ತಿತ್ತು, ಕಾದಂಬರಿ ಮೇಲೆ ಒಂದು ಹನಿ ಬೀಳುತ್ತಿರಲಿಲ್ಲ. ದೇವರಿಗೂ ಕಾದಂಬರಿ ಇಷ್ಟ ಅಂತ ನಾವು ನಗುತ್ತಿದ್ದೆವು. ಮಾಲೀಕರು ಬಿಡಿ ಅಂದಾಗಲೆಲ್ಲ ಬಿಡಬೇಕು. ನನ್ನ ಕಾಲದಲ್ಲೇ ಮೂರು ಮನೆ ಬದಲಾಯಿಸಿದೆವು. ಲಾರಿಗೆ ದುಡ್ಡು ಮಂಜೂರಾಗಿರುತ್ತಿರಲಿಲ್ಲ. ಒಮ್ಮೆ ಮೆಕ್ಕೆಜೋಳ ಹೊಡೆದು ವಾಪಸ್ ಹೊರಟಿದ್ದ ಟ್ರಾಕ್ಟರ್ ನಿಲ್ಲಿಸಿ ಕೇಳಿದೆ. ಆ ತಮ್ಮ ಬಾಡಿಗೆ ತೆಗೆದುಕೊಳ್ಳಲಿಲ್ಲ. ತಾಡಪಾಲು ಹೊದಿಸಿ, ಹಗ್ಗ ಬಿಗಿದು, ನಾಲ್ಕು ಸಲ ಓಡಾಡಿದ. ತಮಿಳುನಾಡಿನ ಮನ್ನಾರ್‌ಗುಡಿಯಲ್ಲಿ 1931ರಲ್ಲಿ ಎತ್ತಿನ ಗಾಡಿಯಲ್ಲಿ ಪುಸ್ತಕ ಹೇರಿಕೊಂಡು ಹಳ್ಳಿ ಹಳ್ಳಿಗೆ ಒಯ್ದಿದ್ದರಂತೆ, ಅದನ್ನು ಉದ್ಘಾಟಿಸಿದ್ದೂ ರಂಗನಾಥನ್ ಅವರೇ. ನಾನು ಅದನ್ನು ತರಬೇತಿಯಲ್ಲಿ ಓದಿದ್ದೆ. ಆ ದಿನ ಟ್ರಾಲಿಯ ಮೇಲೆ ಪುಸ್ತಕದ ಗಂಟು ಹಿಡಿದು ಕೂತಾಗ ನೆನಪಾಯಿತು. ಎರಡು ತಿಂಗಳು ಪುಸ್ತಕದಿಂದ ಮೆಕ್ಕೆಜೋಳದ ಹೊಟ್ಟು ಉದುರುತ್ತಿತ್ತು.

ಯಾರು ಓದುತ್ತಿದ್ದರು ಅನ್ನುವುದು ನನಗೆ ಹೆಚ್ಚು ಇಷ್ಟದ ವಿಷಯ. ಎಂಬತ್ತರ ದಶಕದಲ್ಲಿ ನಮ್ಮಲ್ಲಿ ಹೈದರಾಬಾದಿನ ‘ಸಿಯಾಸತ್’ ಉರ್ದು ಪೇಪರು ಬರುತ್ತಿತ್ತು, ಒಂದು ದಿನ ತಡವಾಗಿ. ಅದಕ್ಕೆ ಕಾಯುತ್ತಿದ್ದವರು ಯಾರು ಗೊತ್ತಾ? ಹಣೆ ತುಂಬ ವಿಭೂತಿ ಹಚ್ಚಿದ ಇಬ್ಬರು ಮುದುಕರು, ಜೊತೆಗೊಬ್ಬ ಶಾನುಭೋಗರು. ಮೂವರೂ ನಿಜಾಮರ ಕಾಲದ ಹೈಸ್ಕೂಲು. ಕನ್ನಡ ಪೇಪರ್ ಓದಿ ಸುದ್ದಿ ತಿಳಿಯುತ್ತಿದ್ದರು, ಉರ್ದು ಪೇಪರ್ ಓದಿ ಖುಷಿ ಪಡುತ್ತಿದ್ದರು. ಶೇರ್, ಅಂದರೆ ಉರ್ದು ದ್ವಿಪದಿ, ಬಂದರೆ ಗಟ್ಟಿಯಾಗಿ ಹೇಳಿ ‘ವಾಹ್’ ಅನ್ನುವುದು. ಮೌನವಾಗಿರಿ ಅಂತ ಬೋರ್ಡು ನಾನೇ ಬರೆದು ಹಾಕಿದ್ದೆ, ಅವರ ತಲೆಯ ಮೇಲೇ ಇತ್ತು ಅದು. ರಾಯಚೂರಿನ ಕವಿ ಶಾಂತರಸರು ಕನ್ನಡದಲ್ಲಿ ಗಜಲ್ ಬರೆದದ್ದು ನಮ್ಮ ಸೀಮೆಯಲ್ಲಿ ಆಶ್ಚರ್ಯವೇ ಅಲ್ಲ. ಬಲವಂತವಾಗಿ ಬಂದ ಭಾಷೆಯನ್ನೂ ಇಲ್ಲಿನ ಜನ ಪ್ರೀತಿಯಿಂದ ಇಟ್ಟುಕೊಂಡರು. ಇದನ್ನು ಇತಿಹಾಸದ ಪುಸ್ತಕದಲ್ಲಿ ನಾನು ಓದಲಿಲ್ಲ, ಆ ಬೆಂಚಿನ ಮೇಲೆ ನೋಡಿದೆ.

ತುಂಗಭದ್ರಾ ನೀರು ಬಂದ ಮೇಲೆ ಗಂಗಾವತಿ, ಸಿಂಧನೂರು ಕಡೆ ಆಂಧ್ರದವರ ಕ್ಯಾಂಪುಗಳಾದವು. ಅಲ್ಲಿ ತೆಲುಗು ಪೇಪರ್ ಇಲ್ಲದೆ ಬಾಗಿಲು ತೆರೆಯುವ ಹಾಗಿಲ್ಲ. ಸಿಂಧನೂರಿನ ಹತ್ತಿರ ಬಂಗಾಳದಿಂದ ಬಂದ ನಿರಾಶ್ರಿತರ ಕ್ಯಾಂಪುಗಳೂ ಇವೆ, ಅವರ ಮಕ್ಕಳು ಈಗ ನಮಗಿಂತ ಚೆನ್ನಾಗಿ ಕನ್ನಡ ಓದುತ್ತಾರೆ.

ಇನ್ನೊಬ್ಬರ ಸುದ್ದಿ ಹೇಳಲೇಬೇಕು. ನಾಲ್ಕನೇ ತರಗತಿಯ ಒಬ್ಬ ಹುಡುಗ ವಾರಕ್ಕೆರಡು ಸಲ ಬಂದು ನಾನೂರು ಪುಟದ ಕಾದಂಬರಿ ಒಯ್ಯುತ್ತಿದ್ದ. ಇವನೇನು ಓದುತ್ತಾನೆ ಅಂತ ನನಗೆ ಅನುಮಾನ. ಒಂದು ದಿನ ಕೇಳಿದೆ, "ಕಥೆ ಹೇಳು ನೋಡೋಣ ತಮ್ಮಾ." ಹುಡುಗ ಅಳುಮೋರೆ ಮಾಡಿದ. "ಅವ್ವ ಓದ್ತಾಳ್ರಿ ಸರ. ಅಪ್ಪಗ ಹೇಳಬ್ಯಾಡ್ರಿ." ಆಮೇಲೆ ನಾನೇ ಆರಿಸಿ ಕೊಡತೊಡಗಿದೆ. ಹುಡುಗ ಬಂದಾಗ "ಹೋದ ಸಲದ್ದು ಹೆಂಗಿತ್ತಂತ?" ಅಂದರೆ, "ಕಡೀಕ ಸುಮಾರು ಐತಂತ್ರಿ" ಅಂತ ಉತ್ತರ. ವಿಮರ್ಶಕರು ಎರಡು ಪುಟ ಬರೆದು ಹೇಳುವುದನ್ನು ಆ ತಾಯಿ ಒಂದೇ ಮಾತಲ್ಲಿ ಹೇಳಿ ಕಳಿಸುತ್ತಿದ್ದರು. ಹರಿದ ಪುಸ್ತಕ ಹೋದರೆ ಅಂಟಿಸಿಕೊಂಡು ವಾಪಸ್ ಬರುತ್ತಿತ್ತು, ಹಿಟ್ಟು ಕುದಿಸಿ ಮಾಡಿದ ಅಂಟು. ನೋಡಲು ಅಂದ. ಆದರೆ ಹಿಟ್ಟಿನ ವಾಸನೆಗೆ ಜಿರಳೆ, ಇಲಿ ಸಾಲು ಹಿಡಿದು ಬಂದವು. ಅಂಟಿಗೆ ಚಿಟಿಕೆ ಮೈಲುತುತ್ತ ಹಾಕಬೇಕು ಅಂತ ಚೀಟಿ ಬರೆದು ಹುಡುಗನ ಕೈಲಿ ಕಳಿಸಿದೆ. ಮರುವಾರ ಪುಸ್ತಕದೊಳಗೆ ನನ್ನ ಚೀಟಿ ವಾಪಸ್ ಬಂತು. ಕೆಳಗೆ ಬರೆದಿತ್ತು: ‘ಸಣ್ಣ ಮಕ್ಕಳಿರುವ ಮನೆ, ವಿಷ ಇಡುವುದಿಲ್ಲ. ನೀವೇ ಅಂಟಿಸಿಕೊಳ್ಳಿ.’ ಸರಿಯಾಗಿಯೇ ಹೇಳಿದ್ದರು. ರಿಜಿಸ್ಟರಿನಲ್ಲಿ ಆ ತಾಯಿಯ ಹೆಸರಿಲ್ಲ, ಮಗನ ಹೆಸರಿದೆ. ನಮ್ಮ ಮಹಿಳಾ ಓದುಗರ ಲೆಕ್ಕ ವರ್ಷ ವರ್ಷ ಕಡಿಮೆ ತೋರಿಸಿದ್ದಕ್ಕೆ ನಾನೂ ಒಬ್ಬ ಕಾರಣ.

ಹಳ್ಳಿಗಳ ಗ್ರಂಥಾಲಯಗಳು 2019ರಲ್ಲಿ ನಮ್ಮ ಇಲಾಖೆಯಿಂದ ಪಂಚಾಯತ್ ರಾಜ್ ಇಲಾಖೆಗೆ ಹೋದವು. ಈಗ ಅವು ಅರಿವು ಕೇಂದ್ರಗಳು. ರಾಜ್ಯದಲ್ಲಿ ಐದು ಸಾವಿರಕ್ಕೂ ಹೆಚ್ಚು ಇವೆ. ಕೆಲವು ಚೆನ್ನಾಗಿವೆ, ಕೆಲವಕ್ಕೆ ಬಣ್ಣ ಮಾತ್ರ ಬಂದಿದೆ. ಅದರ ಬಗ್ಗೆ ಬೇರೆಯವರು ಮಾತಾಡುತ್ತಾರೆ.

ಈಗಿನ ಮಾತಿಗೆ ಬರುತ್ತೇನೆ. ‘ಗ್ರಂಥಾಲಯಕ್ಕೆ ಈಗ ಓದುವವರೇ ಬರುವುದಿಲ್ಲ ಸರ್, ಬರೀ ಪರೀಕ್ಷೆ ಹುಡುಗರು’ ಅಂತ ನನ್ನ ಗೆಳೆಯರೇ ಹೇಳುತ್ತಾರೆ. ನಾನೂ ಮೊದಲು ಹಾಗೇ ಅಂದುಕೊಂಡಿದ್ದೆ. ಸಂವಿಧಾನದ 371ಜೆ ವಿಧಿ 2013ರಲ್ಲಿ ಜಾರಿಗೆ ಬಂದ ಮೇಲೆ ನಮ್ಮ ಭಾಗದ ಗ್ರೂಪ್ ಸಿ ಹುದ್ದೆಗಳಲ್ಲಿ ನೂರಕ್ಕೆ 80 ಸ್ಥಳೀಯರಿಗೆ ಮೀಸಲಾದವು. ಆಗ ಹುಡುಗರು ಬಂದರು. ಪಿಎಸ್‌ಐ, ಎಫ್‌ಡಿಎ, ಟಿಇಟಿ. ಪುಸ್ತಕ ಅವರದೇ, ನೀರಿನ ಬಾಟಲಿ ಅವರದೇ. ನಮ್ಮ ಕಪಾಟಿನ ಕಡೆ ತಿರುಗಿಯೂ ನೋಡುವುದಿಲ್ಲ. ಒಬ್ಬನನ್ನು ಕೇಳಿದೆ, ಯಾವ ಪುಸ್ತಕ ಬೇಕು ಅಂತ. "ಪುಸ್ತಕ ಬ್ಯಾಡ್ರಿ ಸರ, ಕುಂದರಾಕ ಜಾಗ ಕೊಟ್ರ ಸಾಕು" ಅಂದ. ಸಿಟ್ಟು ಬಂತು ನನಗೆ.

ಆಮೇಲೆ ಅವನ ಮನೆ ನೋಡಿದೆ. ಒಂದೇ ಕೋಣೆ, ಮೇಲೆ ತಗಡು. ಏಪ್ರಿಲ್ ತಿಂಗಳ ಕೊಪ್ಪಳ, ರಾಯಚೂರಿನ ಬಿಸಿಲಲ್ಲಿ ಆ ತಗಡಿನ ಕೆಳಗೆ ರೊಟ್ಟಿ ಬೇಯಬಹುದು, ಓದಲು ಆಗುವುದಿಲ್ಲ. ಅವ್ವ ಕೂಲಿಗೆ ಹೋಗಿದ್ದರು, ತಂಗಿ ಮೂಲೆಯಲ್ಲಿ ಹೊಲಿಗೆ ಯಂತ್ರ ತುಳಿಯುತ್ತಿದ್ದಳು. ಅವನಿಗೆ ಬೇಕಾದ್ದು ಒಂದು ಕುರ್ಚಿ, ಒಂದು ಫ್ಯಾನು, ಯಾರೂ ಏಳು ಅನ್ನದ ಎಂಟು ಗಂಟೆ. ಊರಲ್ಲಿ ದುಡ್ಡು ಕೇಳದೆ ಇದನ್ನು ಕೊಡುವ ಜಾಗ ಇದೊಂದೇ. ಅವತ್ತು ಅಡತಿ ಅಂಗಡಿಯ ಹಿಂದೆ ತೂಕದ ಚೀಲದ ಮೇಲೆ ಕೂತಿದ್ದವರಿಗೂ ಬೇಕಾಗಿದ್ದದ್ದು ಜಾಗವೇ ಅಲ್ವಾ? ಈ ಹುಡುಗರಿಗೆ ಬೇಕಾದ ಪಟ್ಟಿ ಬೇರೆ, ಆಯ್ಕೆ ಪಟ್ಟಿ. ಅದರಲ್ಲಿ ಹೆಸರು ಬಂದವರು ಪೇಢೆ ತಂದುಕೊಟ್ಟು ಹೋಗುತ್ತಾರೆ. ಬಾರದವರು ಮರುದಿನ ಬೆಳಗ್ಗೆ ಬಾಗಿಲು ತೆರೆಯುವ ಮೊದಲೇ ಬಂದು ನಿಂತಿರುತ್ತಾರೆ.

ಇವರ ಲೆಕ್ಕ ಇಡುವುದೂ ಕಷ್ಟವೇ. ಬಂದವರು ಪುಸ್ತಕದಲ್ಲಿ ಸಹಿ ಮಾಡಬೇಕು ಅಂತ ನಿಯಮ. ಫ್ಯಾನಿನ ಕೆಳಗಿನ ಕುರ್ಚಿ ಹಿಡಿಯುವ ಅವಸರದಲ್ಲಿ ಯಾರು ಸಹಿ ಮಾಡುತ್ತಾರೆ? ಕೊನೆಕೊನೆಗೆ ನಾನು ಬಾಗಿಲ ಹೊರಗಿನ ಚಪ್ಪಲಿ ಎಣಿಸಿ ಎರಡರಿಂದ ಭಾಗಿಸಿ ಬರೆಯುತ್ತಿದ್ದೆ. ತಪಾಸಣೆಗೆ ಬಂದವರು ಇಷ್ಟು ಸರಿಯಾದ ಅಂಕಿ ಹೇಗೆ ಬಂತು ಅಂತ ಕೇಳಿದ್ದರು. ಹೇಳಲಿಲ್ಲ, ಈಗ ಹೇಳುತ್ತಿದ್ದೇನೆ.

ಇವತ್ತು ಈ ಕಾರ್ಯಕ್ರಮಕ್ಕೆ ಅಂತ ಓದುವ ಕೋಣೆ ಖಾಲಿ ಮಾಡಿಸಿದ್ದಾರೆ. ಬರುವಾಗ ನೋಡಿದೆ, ಹುಡುಗ ಹುಡುಗಿಯರು ಹೊರಗೆ ಬೇವಿನ ಮರದ ಕೆಳಗೆ ಕೂತಿದ್ದಾರೆ, ಮೊಬೈಲ್ ಬೆಳಕಿನಲ್ಲಿ ಓದುತ್ತಿದ್ದಾರೆ. ಆರೂವರೆಗೆ ಮುಗಿಸುತ್ತೇನೆ ಅಂದಿದ್ದೆ, ಹದಿನೈದು ನಿಮಿಷ ಜಾಸ್ತಿ ತೆಗೆದುಕೊಂಡೆ. ಪ್ರಶ್ನೆ ಇದ್ದವರು ನನ್ನ ಜೊತೆ ಬನ್ನಿ, ಚಹಾ ಹೊರಗೆ ಕುಡಿಯೋಣ. ಕುರ್ಚಿ ಅವರಿಗೆ ಬಿಡೋಣ.